ಸಹಾಯ ಬೇಕು: ಹಳೇ ಪೋಸ್ಟರ್‌ಗೆ ಅಂಟಿದ ಟೇಪ್ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು. ಹಳೇ ಸಸ್ಪೆನ್ಸ್ ಸಿನಿಮಾಗಳ ಅಸಲಿ ಪೋಸ್ಟರ್ ಕೂಡಿಡುತ್ತೇನೆ. ಹೋದ ವಾರ ಗದಗಿನ ರದ್ದಿ ಅಂಗಡಿಯಲ್ಲಿ ಕಾಶೀನಾಥ್ ಅವರ 1978ರ ‘ಅಪರಿಚಿತ’ ಪೋಸ್ಟರ್ ಸಿಕ್ಕಿತು. ಎಷ್ಟು ವರ್ಷದಿಂದ ಹುಡುಕುತ್ತಿದ್ದೆ! ಬಣ್ಣ ಚೆನ್ನಾಗಿದೆ. ಆದರೆ ಮಡಿಕೆಗಳು ಕೂಡುವ ಕಡೆ ಕಾಗದ ಹರಿದಿದೆ. ಹಿಂದೆ ಯಾರೋ ಹಚ್ಚಿದ ಸೆಲೋಟೇಪ್ ಹಳದಿಯಾಗಿ, ಅದರ ಅಂಟು ಮುಂದಿನ ಮುಖದವರೆಗೂ ಇಳಿದಿದೆ. ಉಗುರಿನಿಂದ ಸ್ವಲ್ಪ ಎಬ್ಬಿಸಿದೆ, ಕಾಗದದ ಪದರವೇ ಜೊತೆಗೆ ಬಂತು. ತಕ್ಷಣ ಬಿಟ್ಟೆ.

ಲ್ಯಾಮಿನೇಷನ್ ಮಾಡಿಸು ಅಂತ ಜಾಸ್ತಿ ಜನ ಹೇಳುತ್ತಾರೆ. ಅದು ಬೇಡ. ಒಮ್ಮೆ ಮಾಡಿಸಿದರೆ ಕಾಗದ ಮತ್ತೆ ಬಿಡಿಸಲು ಬರೋದಿಲ್ಲ, ಅಲ್ವಾ? ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಕಾಗದ, ಹಸ್ತಪ್ರತಿ ದುರಸ್ತಿ ಮಾಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಧಾರವಾಡಕ್ಕಾದರೆ ನಾಳೆಯೇ ಬರುತ್ತೇನೆ.