ಪದಚರ್ಚೆ: ‘ವಿಮಾನ ದೂರ’, ‘ಪ್ರಯಾಣ ಸಮಯ’

ಪ್ರಶ್ನೆ: ಪ್ರವಾಸ ಕೈಪಿಡಿಯ ಕರಡಿನಲ್ಲಿ ಹೀಗಿದೆ: “ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ. ವಿಮಾನ ದೂರ 8,700 ಮೈಲಿ. ಪ್ರಯಾಣ ಸಮಯ 2 ಗಂಟೆ 50 ನಿಮಿಷ. ನೇರ ವಿಮಾನ.” ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು?

ಉತ್ತರ: ‘ವಿಮಾನ ದೂರ’ ಎಂದರೆ ವಿಮಾನ ಎಲ್ಲೋ ದೂರದಲ್ಲಿದೆ ಎಂದಂತಾಗುತ್ತದೆ. ‘ವಿಮಾನ ಮಾರ್ಗದ ದೂರ’ ಎನ್ನಿ. ಮೈಲಿ ಬಿಟ್ಟು ಕಿಲೋಮೀಟರಿನಲ್ಲೇ ಕೊಡುವುದು ಕ್ಷೇಮ: ನೆಲದ ಮೈಲಿ 1.609 ಕಿ.ಮೀ., ವಿಮಾನದವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಇದೇ ದೂರ ಒಂದರಲ್ಲಿ ಸುಮಾರು 8,700, ಇನ್ನೊಂದರಲ್ಲಿ ಸುಮಾರು 7,550. ಕಿಲೋಮೀಟರಿನಲ್ಲಿ ಸುಮಾರು 14,000.

ಇದು ಮಹಾವೃತ್ತದ ದೂರ, ಅಂದರೆ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿದು ಹಿಡಿದರೆ ಸಿಗುವ ಅಳತೆ. ದಾರ ಚೀನಾ, ಪೂರ್ವ ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಅದೇ ದಾರಿ ಕಮಾನಿನಂತೆ ಬಾಗಿ ಕಾಣುತ್ತದೆ. ಹಾಗಾಗಿ ಇದನ್ನು ‘ನೇರ ದೂರ’ ಎಂದರೆ ಓದುಗರು ನಕ್ಷೆಯ ಮೇಲೆ ಸ್ಕೇಲು ಇಡುತ್ತಾರೆ. ವಿಮಾನ ಈ ಗೆರೆಗೇ ಅಂಟಿಕೊಳ್ಳುತ್ತದೆ ಎಂದೂ ಇಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತು.

‘ಪ್ರಯಾಣ ಸಮಯ’ ಹೊರಡುವ ವೇಳೆಯೋ, ಹಿಡಿಯುವ ಹೊತ್ತೋ? ಊಟದ ಸಮಯ ಎಂದರೆ ಎಷ್ಟು ಹೊತ್ತು ಉಣ್ಣುತ್ತಾರೆ ಎಂದಲ್ಲವಲ್ಲ. ಇಲ್ಲಿ ‘ಅವಧಿ’ ಬೇಕು. ಮಾತಿನಲ್ಲಾದರೆ “ಎಷ್ಟು ಹೊತ್ತಿನ ದಾರಿ?” ಎನ್ನುವುದೇ ಚೆಂದ. ಏರಿದ್ದರಿಂದ ಇಳಿಯುವವರೆಗೆ ‘ಹಾರಾಟದ ಅವಧಿ’. ವೇಳಾಪಟ್ಟಿಯ ಲೆಕ್ಕ ಬೇರೆ: ನಿಂತ ಜಾಗದಿಂದ ಕದಲಿದಾಗ ಶುರುವಾಗಿ ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ.

ಆ 2 ಗಂಟೆ 50 ನಿಮಿಷ ಹೇಗೆ ಬಂತು ಎಂಬುದನ್ನು ಊಹಿಸಬಹುದು. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ 20 ನಿಮಿಷ ಹಾರಿದರೆ ನಮ್ಮಲ್ಲಿ ಮರುದಿನ ಬೆಳಗ್ಗೆ 6:20. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಹದಿಮೂರೂವರೆ ಗಂಟೆ ಹಿಂದೆ, ಅಂದರೆ ಅದೇ ದಿನ ಸಂಜೆ 4:50. ಯಾರೋ ಎರಡು ಸ್ಥಳೀಯ ವೇಳೆಗಳನ್ನು ಕಳೆದಿದ್ದಾರೆ. ಬೇಸಿಗೆಯಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ, ಆಗ ಇದೇ ತಪ್ಪು 3 ಗಂಟೆ 50 ನಿಮಿಷವಾಗುತ್ತಿತ್ತು!

ಅವಧಿಗೆ ‘ಸುಮಾರು’ ಸೇರಿಸಲೇಬೇಕು. ಗಂಟೆಗೆ 900 ಕಿ.ಮೀ. ವಾಯುವೇಗಕ್ಕೆ (ಸುತ್ತಲಿನ ಗಾಳಿಗೆ ಹೋಲಿಸಿದ ವೇಗ) 100ರ ಬೆನ್ನುಗಾಳಿ ಸಿಕ್ಕರೆ ನೆಲವೇಗ (ನೆಲಕ್ಕೆ ಹೋಲಿಸಿದ ವೇಗ) 1,000, ಅಂದರೆ 14 ಗಂಟೆಯ ದಾರಿ. ಅಷ್ಟೇ ಎದುರುಗಾಳಿಯಾದರೆ 800, ಹದಿನೇಳೂವರೆ ಗಂಟೆ.

ಇನ್ನು ‘ನೇರ ವಿಮಾನ’. ನಡುವೆ ಇಳಿದು ಅದೇ ಸಂಖ್ಯೆಯಲ್ಲಿ ಮುಂದುವರಿಯುವ ವಿಮಾನಕ್ಕೂ ಈ ಹೆಸರಿದೆ. ಎಲ್ಲೂ ಇಳಿಯದಿದ್ದರೆ ಬಸ್ಸಿನ ಬೋರ್ಡಿನ ‘ತಡೆರಹಿತ’ವನ್ನೇ ಬಳಸಿ.