ಗಮ್ ಬೂಟು, ಏಡಿ ಬಿಲ ಮತ್ತು ವಿನಯಣ್ಣನ ಕಾಲು

ನಮ್ಮ ಮನೆ ವಾಟ್ಸಾಪ್ ಗುಂಪಿನ ಹೆಸರು ‘ಮೇಲಿನಮನೆ’. ಇರೋದು ಮೂವತ್ತೊಂದು ಜನ, ಮಾತಾಡೋದು ಏಳು ಜನ, ಉಳಿದವರದ್ದು ಬೆಳಿಗ್ಗೆ ಹೂವಿನ ಚಿತ್ರ ಮಾತ್ರ. ಮೊನ್ನೆ ಶನಿವಾರ ವಿನಯಣ್ಣ ಶೆಫೀಲ್ಡ್‌ನಿಂದ ಒಂದು ವಿಡಿಯೋ ಹಾಕಿದ. ಜಿಟಿಜಿಟಿ ಮಳೆ, ಬೋಳು ಗುಡ್ಡ, ಚಡ್ಡಿ ಹಾಕಿದ ಒಬ್ಬ ಇಳಿಜಾರಲ್ಲಿ ಓಡಿ ಬರ್ತಾ ಇದ್ದವ ತಟ್ಟನೆ ಮೊಣಕಾಲುದ್ದ ಹೂತು ಹೋಗ್ತಾನೆ, ಎದ್ದು ನಗ್ತಾ ಮತ್ತೆ ಓಡ್ತಾನೆ. ಕೆಳಗೆ: ‘ಕಿಂಡರ್ ಸ್ಕೌಟ್ ಗುಡ್ಡ, ಇವತ್ತು ಬೆಳಿಗ್ಗೆ. ಆ ಚಡ್ಡಿ ನಾನೇ.’ ಗಲಾಟೆ ಹೀಗೆ ಶುರುವಾಯ್ತು. ಶುಭೋದಯಗಳನ್ನು ಕಳೆದು ಉಳಿದದ್ದನ್ನು ಇಲ್ಲಿ ಹಾಕಿದ್ದೀನಿ.

ದೊಡ್ಡಪ್ಪ: ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕಿತ್ತಾ? ನೆಟ್ಟಿ ಸಮಯದಲ್ಲಿ ಗದ್ದೆಗೆ ಕರೆದ್ರೆ ಪರೀಕ್ಷೆ ಇದೆ ಅಂತಿದ್ದೆ.

ಸುಮಾ ದೊಡ್ಡಮ್ಮ (ವಿನಯಣ್ಣನ ಅಮ್ಮ): ಕಾಲು ಮುರ್ಕೊಂಡ್ರೆ ಅಲ್ಲಿ ಯಾರೋ ನೋಡೋರು?

ದೊಡ್ಡಪ್ಪ: *(ಹಲವು ಬಾರಿ ಫಾರ್ವರ್ಡ್ ಆಗಿದೆ)* ಓಡುವವರೇ ಎಚ್ಚರ!! ಕಣಕಾಲು ಮುಚ್ಚುವ ಎತ್ತರದ ಬೂಟು ಹಾಕಿದರೆ ಕಾಲು ಎಂದಿಗೂ ಉಳುಕುವುದಿಲ್ಲ. ತಪ್ಪದೆ 10 ಜನರಿಗೆ ಕಳಿಸಿ.

ದೊಡ್ಡಪ್ಪ: ಇದನ್ನ ಓದು. ನಾನು ಮೂವತ್ತು ವರ್ಷದಿಂದ ತೋಟಕ್ಕೆ ಗಮ್ ಬೂಟಲ್ಲೇ ಹೋಗೋದು.

ವಿನಯಣ್ಣ: ದೊಡ್ಡಪ್ಪಾ, ಗಮ್ ಬೂಟಲ್ಲಿ ನೀವು ಓಡ್ತೀರಾ? ಇಲ್ಲಿ ಕೆಸರಿಗೆ ಇಳಿದ್ರೆ ಎತ್ತರದ ಬೂಟಿನೊಳಗೆ ನೀರು ತುಂಬಿ ಅಲ್ಲೇ ನಿಲ್ಲುತ್ತೆ, ಕಾಲಿಗೊಂದು ಕೊಡ ಕಟ್ಕೊಂಡ ಹಾಗೆ. ನಮ್ಮ ಶೂ ಗಿಡ್ಡ, ಅಟ್ಟೆ ತೆಳ್ಳಗೆ, ಅಡಿಯಲ್ಲಿ ಉದ್ದುದ್ದ ರಬ್ಬರ್ ಹಲ್ಲು. ನೀರು ಹೊಕ್ಕಷ್ಟೇ ಬೇಗ ಹೊರಗೆ ಹೋಗುತ್ತೆ. ಅಟ್ಟೆ ದಪ್ಪ ಇದ್ದಷ್ಟೂ ಕಾಲು ಹೊರಳೋದು ಜಾಸ್ತಿ. ಮಣೆ ಮೇಲೆ ನಿಂತವನಿಗಿಂತ ಸ್ಟೂಲ್ ಮೇಲೆ ನಿಂತವ ಬೇಗ ಬೀಳ್ತಾನಲ್ಲ, ಹಾಗೆ.

ವಿನಯಣ್ಣ: ಲೇಕ್ ಡಿಸ್ಟ್ರಿಕ್ಟ್‌ನ ಕೆಸ್ವಿಕ್‌ನಲ್ಲಿ ಗೆಸ್ಟ್ ಹೌಸ್ ನಡೆಸ್ತಿದ್ದ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ 42 ಬೆಟ್ಟ ಹತ್ತಿ ಇಳಿದು ವಾಪಸ್ ಬಂದ್ರು. ಕಾಲಿಗೆ ಟೆನಿಸ್ ಶೂ, ಮೈಗೆ ಪೈಜಾಮದ ಅಂಗಿ. ಈಗಲೂ ಆ ಸುತ್ತುದಾರಿಗೆ ಅವರದ್ದೇ ಹೆಸರು.

ದೊಡ್ಡಪ್ಪ: ಪೈಜಾಮದ ಅಂಗಿಯಲ್ಲಿ ನಾನೂ ದಿನಾ ತೋಟ ಸುತ್ತುತ್ತೇನೆ. ಯಾರೂ ಹೆಸರಿಟ್ಟಿಲ್ಲ.

ಶ್ರೀಧರ ಮಾವ: ಅದೆಂತ ಟೆನಿಸ್ ಶೂ ಮಾರಾಯ. ನಮ್ಮಲ್ಲಿ ಕಂಬಳದವರು ಬರಿಗಾಲಲ್ಲೇ ಓಡುದು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ್ರು 142.5 ಮೀಟರ್, 13.62 ಸೆಕೆಂಡ್. ಶೂ ಉಂಟಾ? ಇಲ್ಲ. ಉಳುಕಿತಾ? ಇಲ್ಲ.

(ಮಾವ ಕಾರ್ಕಳದವರು. ಕ್ರಿಕೆಟ್ ಮಾತು ಬಂದ್ರೂ ಕಂಬಳಕ್ಕೆ ತಂದು ನಿಲ್ಲಿಸ್ತಾರೆ. ಇವತ್ತು ಮಾತ್ರ ಸರಿಯಾದ ಜಾಗಕ್ಕೇ ತಂದಿದ್ದಾರೆ.)

ವಿನಯಣ್ಣ: ಮಾವ, ಕಂಬಳದ ಕರೆ (ಕೋಣ ಓಡೋ ಗದ್ದೆ) ಹದ ಮಾಡಿ ಇಟ್ಟದ್ದು, ಸಮತಟ್ಟು. ಮುಂದಿಂದ ಕೋಣ ಬೇರೆ ಎಳೀತಿರ್ತವೆ.

ಶ್ರೀಧರ ಮಾವ: ಕೋಣ ಎಳೆದ್ರೆ ಸುಲಭ ಅಂತ ಹೇಳಿದವ ಮೊದಲು ಬಂದು ಹಗ್ಗ ಹಿಡಿಯಲಿ. ಅಷ್ಟೇ ನನ್ನ ಮಾತು.

ವಿನಯಣ್ಣ: ಸರಿ, ತಪ್ಪಾಯ್ತು. ಆದ್ರೆ ಇಲ್ಲಿ ಅಡಿಯಲ್ಲಿ ಏನಿದೆ ಅಂತಲೇ ಗೊತ್ತಾಗಲ್ಲ. ಕಿಂಡರ್ 636 ಮೀಟರ್ ಅಷ್ಟೇ, ನಮ್ಮ ಕುದುರೆಮುಖದ ಅರ್ಧ ಕೂಡ ಇಲ್ಲ. ಗುಡ್ಡದ ತಲೆ ಮೇಲೆ ಮಾತ್ರ ಮೈಲಿಗಟ್ಟಲೆ ಪೀಟ್. ಸಾವಿರಾರು ವರ್ಷ ಪಾಚಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಆದ ಮಣ್ಣು. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ ನೋಡಿದ್ದೀರಲ್ಲ, ಅದೇ ಬಣ್ಣ, ಅದೇ ಒದ್ದೆ. ಮಳೆನೀರು ಅದನ್ನ ಕೊರೆದು ಆಳೆತ್ತರದ ಅಗಳು ಮಾಡಿರುತ್ತೆ. ಒಂದಕ್ಕೆ ಇಳಿದು ಹತ್ತಿದ್ರೆ ಮುಂದೆ ಇನ್ನೊಂದು.

ದೊಡ್ಡಪ್ಪ: ಹಾಗಾದ್ರೆ ಎಲ್ಲಿ ಕಾಲಿಡಬೇಕು ಅಂತ ಹೇಗೆ ನೋಡ್ತೀಯ?

(ಇಲ್ಲಿ ದೊಡ್ಡಪ್ಪನ ದನಿ ಬದಲಾದ್ದು ನನಗೆ ಗೊತ್ತಾಯ್ತು. ಜಗಳ ಬಿಟ್ಟು ಕೃಷಿಕ ಮಾತಾಡ್ತಿದ್ದಾರೆ.)

ವಿನಯಣ್ಣ: ಬಣ್ಣ ನೋಡಿ. ಕಣ್ಣು ಕುಕ್ಕೋ ತಿಳಿ ಹಸಿರು ಇದ್ರೆ ಸ್ಫ್ಯಾಗ್ನಮ್ ಪಾಚಿ, ಅಡಿಯಲ್ಲಿ ಬರೀ ನೀರು, ಕಾಲಿಡಬಾರದು. ಹುಲ್ಲಿನ ತುದಿಗೆ ಹತ್ತಿ ಅಂಟಿಸಿದ ಹಾಗಿದ್ರೆ ಅಲ್ಲೂ ಒದ್ದೆ. ಕಂದು ಬಣ್ಣದ ಕುರುಚಲು ಹೀದರ್ ಇದ್ರೆ ನೆಲ ಸ್ವಲ್ಪ ಗಟ್ಟಿ. ಕಣ್ಣು ಕಾಲ ಬುಡದಲ್ಲಿ ಇರಬಾರದು, ಮೂರ್ನಾಲ್ಕು ಹೆಜ್ಜೆ ಮುಂದೆ ಇರಬೇಕು.

ವಿನಯಣ್ಣ: ನಿಜ ಹೇಳಬೇಕಂದ್ರೆ ಬರೀ ಕೆಸರಲ್ಲಿ ನನ್ನ ಕಾಲು ಉಳುಕಿದ್ದಿಲ್ಲ, ಶೂ ಕಿತ್ತು ಹೋಗಿದೆ ಅಷ್ಟೇ. ನನಗೆ ಹೆದರಿಕೆ ಹುಲ್ಲಿನ ಗುಪ್ಪೆಗಳದ್ದು. ಫುಟ್‌ಬಾಲ್ ಗಾತ್ರದ ಗುಪ್ಪೆ, ಮೇಲೆ ಕಾಲಿಟ್ಟರೆ ತಲೆ ಅಲ್ಲಾಡಿಸುತ್ತೆ, ಪಾದ ಪಕ್ಕಕ್ಕೆ ಜಾರಿ ನಡುವಿನ ಗುಂಡಿಗೆ. ಗುಂಡಿ ಹುಲ್ಲಲ್ಲಿ ಮುಚ್ಚಿಹೋಗಿರುತ್ತೆ.

ದೊಡ್ಡಪ್ಪ: ಏಡಿ ಬಿಲ.

ವಿನಯಣ್ಣ: ಎಂತ?

ದೊಡ್ಡಪ್ಪ: ಗದ್ದೆ ಅಂಚಲ್ಲಿ ಏಡಿ ಬಿಲ ಇರ್ತದಲ್ಲ, ಹಾಗೆ. ಮೇಲಿಂದ ನೋಡಿದ್ರೆ ಗಟ್ಟಿ ಅಂಚು. ಒಂದು ಸಲ ಸಸಿ ಹೊರೆ ಹೊತ್ತು ಬರ್ತಿದ್ದೆ, ಅಂಚು ಕುಸಿದು ಎಡಗಾಲು ಒಳಗೆ. ಹೊರೆ ಉಳಿಸಿಕೊಳ್ಳೋಕೆ ಹೋಗಲಿಲ್ಲ. ಮಂಡಿ ಸಡಿಲ ಬಿಟ್ಟು, ಹೊರೆ ಬಿಸಾಕಿ ಗದ್ದೆಗೇ ಉರುಳಿದೆ. ಕಾಲಿಗೆ ಏನೂ ಆಗಲಿಲ್ಲ. ಸಸಿ ಹಾಳಾಯ್ತು ಅಂತ ಅಪ್ಪಯ್ಯ ಬೈದದ್ದು ಮಾತ್ರ ಇವತ್ತಿಗೂ ನೆನಪಿದೆ.

ವಿನಯಣ್ಣ: ದೊಡ್ಡಪ್ಪಾ!! ನಾನು ಹೇಳ್ತಿರೋದೂ ಅದೇ!! ಪಾದ ಹೊರಳೋಕೆ ಶುರುವಾದ ಕ್ಷಣ ಆ ಕಾಲಿನ ಮೇಲೆ ಭಾರ ಬಿಡಬಾರದು. ಬೀಳೋ ಹಾಗಿದ್ರೆ ಬಿದ್ದುಬಿಡಬೇಕು, ಪೀಟ್ ಮೆತ್ತಗಿರುತ್ತೆ. ಅದಕ್ಕೇ ಸಣ್ಣ ಸಣ್ಣ ಹೆಜ್ಜೆ, ಬೇಗ ಬೇಗ. ಉದ್ದ ಹೆಜ್ಜೆ ಹಾಕಿದ್ರೆ ಪೂರ್ತಿ ಭಾರ ಒಂದೇ ಕಾಲಿನ ಮೇಲೆ, ವಾಪಸ್ ತಗೊಳ್ಳೋಕೆ ಆಗಲ್ಲ.

ದೊಡ್ಡಪ್ಪ: ಆವತ್ತು ನಾನು ಗಮ್ ಬೂಟು ಹಾಕಿದ್ದೆ ಅನ್ನೋದನ್ನ ಮರೀಬೇಡ.

ಪ್ರತಿಮಾ ಅತ್ತಿಗೆ (ದೊಡ್ಡಪ್ಪನ ಸೊಸೆ): ಮಾವ, ಕ್ಷಮಿಸಿ, ಈಗಷ್ಟೇ ಕ್ಲಿನಿಕ್ಕಿಂದ ಬಂದೆ. ಕಾಲು ಉಳಿಸಿದ್ದು ಬೂಟಲ್ಲ, ನೀವು ಉರುಳಿದ್ದು. ಸಾಮಾನ್ಯವಾಗಿ ಪಾದ ಒಳಕ್ಕೆ ಮಡಚಿ ಹೊರಗಡೆಯ ಲಿಗಮೆಂಟ್ (ಮೂಳೆಗಳನ್ನ ಕಟ್ಟಿಡೋ ಪಟ್ಟಿ) ಹರಿಯುತ್ತೆ. ಅದನ್ನ ತಡೆಯೋದು ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿರೋ ಸ್ನಾಯು. ಎತ್ತರದ ಶೂ, ಗಿಡ್ಡ ಶೂ ಅಂತ ಬ್ಯಾಸ್ಕೆಟ್‌ಬಾಲ್ ಆಡೋರ ಮೇಲೆ 1993ರಲ್ಲೇ ಅಧ್ಯಯನ ಮಾಡಿದ್ದಾರೆ, ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಪ್ರತಿಮಾ ಅತ್ತಿಗೆ: ಆದ್ರೆ ಮಾವ, ನೀವು ಹೇಳಿದ್ರಲ್ಲಿ ಅರ್ಧ ಸರಿ. ಒಮ್ಮೆ ಉಳುಕಿದವರಿಗೆ ಮತ್ತೆ ಉಳುಕೋದು ಜಾಸ್ತಿ. ಅಂಥವರಿಗೆ ಕಣಕಾಲಿಗೆ ಲೇಸ್ ಕಟ್ಟೋ ಬ್ರೇಸ್ ಹಾಕಿದ್ರೆ ಉಪಯೋಗ ಇದೆ. ವಿನಯ, ನಿನಗಂತೂ ಫೆಬ್ರವರಿಯಲ್ಲೇ ಹೇಳಿದ್ದೆ, ಆರು ವಾರ ಅದನ್ನ ಬಿಡಬೇಡ ಅಂತ.

ಪ್ರತಿಮಾ ಅತ್ತಿಗೆ: *ಈ ಸಂದೇಶವನ್ನು ಅಳಿಸಲಾಗಿದೆ*

ಸುಮಾ ದೊಡ್ಡಮ್ಮ: ಅಳಿಸೋಕೆ ಮುಂಚೆ ಓದಿದೆ.

ಸುಮಾ ದೊಡ್ಡಮ್ಮ: ಫೆಬ್ರವರಿಯಲ್ಲಿ ಎಂತ ಆಯ್ತು ವಿನಯ?

(ನಾಲ್ಕು ನಿಮಿಷ ‘ಟೈಪ್ ಮಾಡುತ್ತಿದ್ದಾರೆ’. ಮೂವತ್ತೊಂದು ಜನರೂ ಆನ್‌ಲೈನ್. ಹೂವಿನ ಚಿತ್ರದವರೂ.)

ವಿನಯಣ್ಣ: ಅಮ್ಮಾ, ಸಣ್ಣದು. ಬ್ಲೀಕ್ಲೋ ಅಂತ ಇನ್ನೊಂದು ಗುಡ್ಡ. ಕೆಸರೆಲ್ಲ ಮುಗಿದು ಕಲ್ಲುದಾರಿಗೆ ಬಂದಿದ್ದೆ. ಕತ್ತಲಾಗ್ತಿತ್ತು, ಸುಸ್ತಾಗಿತ್ತು. ಎಷ್ಟು ಕಿಲೋಮೀಟರ್ ಆಯ್ತು ಅಂತ ವಾಚ್ ನೋಡಿದೆ, ಅಷ್ಟೇ. ‘ಟಕ್’ ಅಂತ ಕೇಳಿಸ್ತು.

ಸುಮಾ ದೊಡ್ಡಮ್ಮ: ಟಕ್ ಅಂತ ಕೇಳಿಸಿದ್ದು ಸಣ್ಣದಾ? ಎಣ್ಣೆ ಹಚ್ಚಿ ನೀವಿಸಿದ್ಯಾ? ಉಳುಕು ತೆಗೆಯೋರು ಯಾರಾದ್ರೂ ಇದ್ದಾರಾ ಅಲ್ಲಿ?

ಪ್ರತಿಮಾ ಅತ್ತಿಗೆ: ಚಿಕ್ಕತ್ತೆ, ಮೊದಲ ಎರಡು ಮೂರು ದಿನ ನೀವಲೇಬಾರದು, ಊತ ಜಾಸ್ತಿ ಆಗುತ್ತೆ. ಮೊದಲು ನೋಡಬೇಕಾದ್ದು ಮೂಳೆ ಮುರಿದಿದೆಯಾ ಅಂತ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಒಂದು ಸುಲಭ ನಿಯಮ ಮಾಡಿದ್ರು: ನಾಲ್ಕು ಹೆಜ್ಜೆ ಇಡೋಕೆ ಆಗದಿದ್ರೆ, ಅಥವಾ ಕಣಕಾಲಿನ ಗುಬಟು ಮೂಳೆಯ ಹಿಂಭಾಗ ಒತ್ತಿದಾಗ ನೋವಿದ್ರೆ ಎಕ್ಸ್‌ರೇ. ಪಾದದ ಎರಡು ಪಕ್ಕದ ಮೂಳೆಗೂ ಅದೇ. ಕಿರುಬೆರಳಿಂದ ಹಿಂದಕ್ಕೆ ಬಂದ್ರೆ ಒಂದು ಉಬ್ಬು ಸಿಗುತ್ತೆ, ಅದು ಹೊರಗಿನದ್ದು. ಇವನಿಗೆ ಯಾವುದೂ ಇರಲಿಲ್ಲ, ವಿಡಿಯೋ ಕಾಲ್‌ನಲ್ಲಿ ನಾನೇ ಒತ್ತಿಸಿ ನೋಡಿದ್ದೀನಿ.

ದೊಡ್ಡಪ್ಪ: ಐಸ್ ಇಟ್ಟಿದ್ಯಾ?

ಪ್ರತಿಮಾ ಅತ್ತಿಗೆ: ಮಾವ, ಐಸ್ ಇಟ್ಟು ಸುಮ್ಮನೆ ಮಲಗಿ ಅನ್ನೋ ಸೂತ್ರ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ 1978ರಲ್ಲಿ ಬರೆದದ್ದು. ಐಸ್‌ನಿಂದ ಗುಣ ಆಗೋದು ತಡ ಆಗಬಹುದು ಅಂತ ಆಮೇಲೆ ಅವರೇ ಹೇಳಿದ್ರು. ನೋವು ಕಡಿಮೆ ಮಾಡೋಕೆ ಸ್ವಲ್ಪ ಹೊತ್ತು ಇಡಿ, ಪರವಾಗಿಲ್ಲ. ಗುಣ ಆಗೋದು ನಿಧಾನಕ್ಕೆ ಕಾಲಿಗೆ ಭಾರ ಕೊಡ್ತಾ ಹೋದಾಗ. ಆಮೇಲೆ ಒಂಟಿ ಕಾಲಲ್ಲಿ ನಿಲ್ಲೋದು, ದಿನಾ. ಹಲ್ಲುಜ್ಜುವಾಗ ನಿಂತ್ರೂ ಸಾಕು. ಅಭ್ಯಾಸ ಆದ ಮೇಲೆ ಕಣ್ಣು ಮುಚ್ಚಿ.

(ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು.)

ದೊಡ್ಡಪ್ಪ: ಕಣ್ಣು ಮುಚ್ಚಿ 4 ಸೆಕೆಂಡ್. ಗೋಡೆ ಹಿಡಿದೆ.

ಶ್ರೀಧರ ಮಾವ: 9. ಬರಿಗಾಲು.

ಪ್ರತಿಮಾ ಅತ್ತಿಗೆ: ಅಯ್ಯೋ, ಅರವತ್ತು ದಾಟಿದವರು ಯಾರೂ ಕಣ್ಣು ಮುಚ್ಚಬೇಡಿ! ಅಡುಗೆ ಕಟ್ಟೆ ಪಕ್ಕ ನಿಂತು ಮಾಡಿ!

ಸುಮಾ ದೊಡ್ಡಮ್ಮ: ವಿನಯ, ಫೋನ್ ಎತ್ತು. ಮೂರು ಸಲ ಮಾಡಿದೆ.

ವಿನಯಣ್ಣ: ಎತ್ತಿದೆ ಅಮ್ಮ, ಒಂಟಿ ಕಾಲಲ್ಲಿ ನಿಂತಿದ್ದೆ.

ಅಷ್ಟರಲ್ಲಿ ಅಜ್ಜಿಯ ಧ್ವನಿ ಸಂದೇಶ ಬಂತು. ಅಜ್ಜಿಗೆ ವಿಡಿಯೋವನ್ನು ಯಾರೋ ಆಗಷ್ಟೇ ತೋರಿಸಿದ್ದರಂತೆ. ಹಿಂದೆ ಕುಕ್ಕರ್ ಕೂಗ್ತಿತ್ತು. “ವಿನಯಾ, ನೋಡಿದೆ. ಚಂದ ಓಡ್ತೀಯ. ಅಷ್ಟು ಒದ್ದೆ ಹುಲ್ಲಲ್ಲಿ ಬರೀ ಚಡ್ಡಿ ಹಾಕ್ಕೊಂಡು ಹೋಗ್ತೀಯಲ್ಲ, ಉಂಬಳ ಹತ್ತೋದಿಲ್ವಾ?”

ವಿನಯಣ್ಣ: ಉಂಬಳ ಇಲ್ಲ ಅಜ್ಜಿ. ಬೇಸಿಗೆಯಲ್ಲಿ ಉಣುಗು ಇರುತ್ತೆ, ಮನೆಗೆ ಬಂದ ಮೇಲೆ ಕಾಲೆಲ್ಲ ನೋಡ್ಕೋಬೇಕು.

ದೊಡ್ಡಪ್ಪ: ಉಣುಗಾ?! ಅದು ಕಚ್ಚಿ ಬರೋ ಮಂಗನ ಕಾಯಿಲೆ ಅಲ್ಲೂ ಇದ್ಯಾ?

ದೊಡ್ಡಪ್ಪ: *(ಹಲವು ಬಾರಿ ಫಾರ್ವರ್ಡ್ ಆಗಿದೆ)* ಕಾಡಿಗೆ ಹೋಗುವವರೇ ಎಚ್ಚರ!!