ಡೈವಿಂಗ್ ಚಾಕುವಿನ ‘ಒರೆ’, ‘ತುಕ್ಕು ನಿರೋಧಕ’: ನಿಮ್ಮ ಕಡೆ ಏನಂತಾರೆ?

ಚಾಕುವನ್ನು ಇಡುವ ಒರೆಗೆ ನಿಮ್ಮ ಊರಲ್ಲಿ ಈಗ ಏನಂತಾರೆ? ‘ತುಕ್ಕು ನಿರೋಧಕ’ ಅಂತ ಓದಿದರೆ ನಿಮಗೆ ಯಾವ ಅರ್ಥ ಬರುತ್ತದೆ? ತುಕ್ಕು ಹಿಡಿಯುವುದೇ ಇಲ್ಲ ಅಂತಲೋ, ಬೇಗ ಹಿಡಿಯುವುದಿಲ್ಲ ಅಂತಲೋ? ಇವೆರಡಕ್ಕೆ ಉತ್ತರ ಬೇಕಾಗಿದೆ. ವಸ್ತು ಗೊತ್ತಿಲ್ಲದೆ ಪದ ಆರಿಸುವುದು ಕಷ್ಟ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನಿರುವುದು ಹುಬ್ಬಳ್ಳಿಯಲ್ಲಿ. ಇಲ್ಲಿ ಸಮುದ್ರ ಇಲ್ಲ, ಉಣಕಲ್ ಕೆರೆ ಇದೆ. ಆದರೆ ಘಟ್ಟ ಇಳಿದರೆ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ. ಮಳೆಗಾಲ ಮುಗಿದ ಮೇಲೆ ನನ್ನ ಅಣ್ಣನ ಮಗ ಅಲ್ಲಿ ಡೈವಿಂಗ್ ಕಲಿಸುವವರ ಜೊತೆ ಕೆಲಸಕ್ಕೆ ಹೋಗುತ್ತಾನೆ. ಸುಮ್ನೆ ಒಮ್ಮೆ ಮುಳುಗಿ ಮೀನು ನೋಡಿ ಬರುವವರಿಗೆ ಚಾಕು ಬೇಕಾಗಿಲ್ಲ. ಕೋರ್ಸ್ ಮುಗಿಸಿದವರು, ಜೊತೆಗೆ ಇಳಿಯುವ ಹುಡುಗರು ಇಟ್ಟುಕೊಳ್ಳುತ್ತಾರೆ. ಹುಬ್ಬಳ್ಳಿ, ಗದಗ ಕಡೆಯಿಂದ ಹೋಗುವ ಹುಡುಗರು ಹೊಸ ಚಾಕು ತಂದು ಒಂದೇ ಸೀಸನ್ನಿನಲ್ಲಿ ಕೆಡಿಸಿಕೊಳ್ಳುತ್ತಾರಂತೆ. ಅವರಿಗೆ ಹಂಚಲು ಒಂದು ಪುಟದ ಕನ್ನಡ ಚೀಟಿ ಬರೆದುಕೊಡಿ ಅಂದ. ಅಲ್ಲಿಂದ ಶುರುವಾಯಿತು ಈ ತಾಪತ್ರಯ.

ಚಾಕು ಅನ್ನುವ ಪದಕ್ಕೆ ತಕರಾರಿಲ್ಲ. ‘ಚೂರಿ’ ಬೇಡ, ಪೇಪರಿನವರು ಅದನ್ನು ಇರಿತದ ಸುದ್ದಿಗೆ ಮೀಸಲಿಟ್ಟುಬಿಟ್ಟಿದ್ದಾರೆ. ಕರಾವಳಿಯವರಿಗೆ ‘ಕತ್ತಿ’ ಅಂದರೆ ಸೊಪ್ಪು, ಗೆಲ್ಲು ಕಡಿಯುವ ಸಾಮಾನು. ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರವಾಗುವುದರಿಂದ ಕತ್ತೆಯೇ ಕತ್ತಿ. ‘ಕಡಲ ಕತ್ತಿ’ ಅಂತ ಬರೆದು ಧಾರವಾಡದಲ್ಲಿ ಹಂಚಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಪತ್ರಿಕೆಗಳ ‘ಮುಳುಗು ತಜ್ಞ’ನನ್ನು ನೋಡಿ ‘ಮುಳುಗು ಚಾಕು’ ಅನ್ನಬಹುದಿತ್ತು. ಆದರೆ ಅದು ಕೈಬಿಟ್ಟರೆ ತಳ ಸೇರುವ ಚಾಕು ಅನ್ನುವಂತೆ ಕೇಳಿಸುತ್ತದೆ. (ಅದೂ ಸುಳ್ಳಲ್ಲ.) ಡೈವಿಂಗ್ ಚಾಕು ಅಂತಲೇ ಇರಲಿ.

ಇದು ಹೊಡೆದಾಟದ ಸಾಮಾನಲ್ಲ. ಹರಿದು ತೇಲುವ ಮೀನಿನ ಬಲೆಯೋ ಗಾಳದ ದಾರವೋ ಕಾಲಿಗೆ, ಸಿಲಿಂಡರಿಗೆ ಸುತ್ತಿಕೊಂಡರೆ ಕೊಯ್ದುಕೊಂಡು ಬಿಡಿಸಿಕೊಳ್ಳಲು ಇಟ್ಟುಕೊಳ್ಳುವುದು. ಅದಕ್ಕೇ ಒಂದು ಬದಿ ನುಣುಪು ಬಾಯಿ, ಇನ್ನೊಂದು ಬದಿ ಗರಗಸದ ಹಲ್ಲು, ಬುಡದ ಹತ್ತಿರ ದಾರ ಸಿಕ್ಕಿಸಿ ಎಳೆಯಲು ಒಂದು ಕಚ್ಚು. ಮೊನೆ ಚೂಪಾದದ್ದೂ ಸಿಗುತ್ತದೆ, ಮೊಂಡಾದದ್ದೂ ಸಿಗುತ್ತದೆ. ಮೊಂಡು ಮೊನೆಯೇ ವಾಸಿ ಅಂತ ಚೀಟಿಯಲ್ಲಿ ಬರೆದಿದ್ದೇನೆ. ಗಾಬರಿಯಲ್ಲಿ ಹಿರಿದಾಗ ಸ್ವಂತ ತೊಡೆಗೋ ಗಾಳಿಯ ಪೈಪಿಗೋ ಚುಚ್ಚುವ ಭಯ ಇರುವುದಿಲ್ಲ. ಬಾಯಿ, ಹಲ್ಲು, ಮೊನೆ, ಬೆನ್ನು, ಹಿಡಿಕೆ, ಕಚ್ಚು ಇವೆಲ್ಲ ಕುಡುಗೋಲು, ಈಳಿಗೆಗಳಿಂದ ಬಂದ ಪದಗಳು. ಇಲ್ಲಿಯವರೆಗೆ ಒಂದನ್ನೂ ಹೊಸದಾಗಿ ಹುಟ್ಟಿಸಬೇಕಾಗಲಿಲ್ಲ.

ತೊಡಕು ಬಂದದ್ದು ಡಬ್ಬಿಯ ಮೇಲಿನ ‘ರಸ್ಟ್ ರೆಸಿಸ್ಟಂಟ್’ ಅನ್ನುವ ಮಾತಿಗೆ. ‘ತುಕ್ಕು ನಿರೋಧಕ’ ಅಂತ ಕೈ ತಾನಾಗಿ ಬರೆದುಬಿಡುತ್ತದೆ. ಆದರೆ ಈ ‘ನಿರೋಧಕ’ ಎರಡು ಮನೆಯಲ್ಲಿ ಸಂಸಾರ ಮಾಡುತ್ತಿದೆ. ‘ರೋಗನಿರೋಧಕ ಶಕ್ತಿ’ ಇರುವವನಿಗೆ ರೋಗವೇ ಬರುವುದಿಲ್ಲ ಅಂತ ಯಾರೂ ತಿಳಿಯುವುದಿಲ್ಲ. ಬಂದರೂ ಎದುರಿಸುತ್ತಾನೆ ಅಂತ ಅರ್ಥ. ‘ಜಲನಿರೋಧಕ’ ಗಡಿಯಾರದೊಳಗೆ ನೀರು ಹೋದರೆ ಮಾತ್ರ ಅಂಗಡಿಯವನ ಜೊತೆ ಜಗಳಕ್ಕೇ ನಿಲ್ಲುತ್ತೇವೆ. ಒಂದು ಕಡೆ ತಾಳಿಕೆ, ಇನ್ನೊಂದು ಕಡೆ ಪೂರ್ತಿ ತಡೆ. ಚಾಕು ಕೊಂಡವನು ಎರಡನೆಯ ಅರ್ಥವನ್ನೇ ಹಿಡಿಯುತ್ತಾನೆ. ದುಡ್ಡು ಕೊಟ್ಟಿದ್ದಾನೆ, ಇನ್ನು ಹೇಗೆ ಹಿಡಿದಾನು?

ವಸ್ತುವಿನ ಸಂಗತಿ ಬೇರೆ. ಉಕ್ಕಿಗೆ ನೂರಕ್ಕೆ ಕನಿಷ್ಠ 10.5 ಪಾಲು ಕ್ರೋಮಿಯಂ ಸೇರಿಸಿದರೆ ಅದು ನಾವು ಸ್ಟೀಲ್ ಅನ್ನುವ ಸ್ಟೇನ್‌ಲೆಸ್ ಉಕ್ಕಾಗುತ್ತದೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರಿದರೂ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ, ಆಮ್ಲಜನಕ ಸಿಗುತ್ತಿದ್ದರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆ ಉಪ್ಪಿನ ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಹಾಗಾಗಿ ಅಲಗು ಪೂರ್ತಿ ಕೆಂಪಾಗುವುದಿಲ್ಲ, ಸಾಸಿವೆ ಕಾಳಿನಷ್ಟು ಕಂದು ಚುಕ್ಕಿಗಳು ಏಳುತ್ತವೆ. ಉಜ್ಜಿದರೆ ಬಣ್ಣ ಹೋಗುತ್ತದೆ, ಕೆಳಗೆ ಗುಳಿ ಉಳಿಯುತ್ತದೆ. ಇದಕ್ಕೆ ‘ಗುಳಿ ತುಕ್ಕು’ ಅಂತ ಬರೆದಿದ್ದೇನೆ, ಒಪ್ಪಿಗೆಯೋ ನೋಡಿ.

ಉಕ್ಕಿನಿಂದ ಉಕ್ಕಿಗೂ ವ್ಯತ್ಯಾಸ ಇದೆ. ಒಳ್ಳೆ ಪಾತ್ರೆಗಳ ತಳದಲ್ಲಿ 304 ಅಂತ ಒತ್ತಿರುತ್ತಾರಲ್ಲ, ಅದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 316ರಲ್ಲಿ ಅದರ ಮೇಲೆ 2–3 ಪಾಲು ಮಾಲಿಬ್ಡಿನಂ ಅನ್ನುವ ಲೋಹ. ಉಪ್ಪುನೀರಿಗೆ ಇನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಇವೆರಡಕ್ಕೂ ಹದ ಕೂರುವುದಿಲ್ಲ. ಕಾಯಿಸಿ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ, ಬಾಯಿ ಬೇಗ ಮೊಂಡಾಗುತ್ತದೆ. ಹರಿತ ನಿಲ್ಲಬೇಕಾದರೆ ಇಂಗಾಲ ಬೇಕು. 440ಸಿ ಉಕ್ಕಿನಲ್ಲಿ ಅದು ಸುಮಾರು 1 ಪಾಲು, ಕ್ರೋಮಿಯಂ 16–18 ಪಾಲು. ಸಾಣೆ ಬಹಳ ದಿನ ನಿಲ್ಲುತ್ತದೆ. ಆದರೆ ಆ ಇಂಗಾಲ ಒಂದಿಷ್ಟು ಕ್ರೋಮಿಯಮ್ಮನ್ನು ತನ್ನ ಕಡೆ ಎಳೆದುಕೊಂಡುಬಿಡುತ್ತದೆ, ಪೊರೆ ಕಟ್ಟುವ ಕೆಲಸಕ್ಕೆ ಅಷ್ಟು ಕೊರತೆ. ಅಗ್ಗದ ಚಾಕುಗಳಲ್ಲಿ ಜಾಸ್ತಿ ಕಾಣುವುದು 420 ಅನ್ನುವ ಉಕ್ಕು. ಟೈಟೇನಿಯಮ್ಮಿಗೆ ಉಪ್ಪುನೀರಿನ ಹೆದರಿಕೆಯೇ ಇಲ್ಲ. ಹೆದರಿಕೆ ನಮ್ಮ ಜೇಬಿಗೆ. ಜೊತೆಗೆ ಅದರ ಬಾಯಿ ಒಳ್ಳೆ ಉಕ್ಕಿನಷ್ಟು ದಿನ ಹರಿತವಾಗಿ ಇರುವುದಿಲ್ಲ. ಇಂಗಾಲ ಕಡಿಮೆ ಮಾಡಿ ಸಾರಜನಕ ಸೇರಿಸಿದ ಎಚ್‌1 ಅನ್ನುವ ಜಪಾನಿ ಉಕ್ಕು ಉಪ್ಪುನೀರಿನಲ್ಲಿ ತುಕ್ಕೇ ಹಿಡಿಯುವುದಿಲ್ಲ ಅನ್ನುವಷ್ಟು ಗಟ್ಟಿ.

ಅಂದಮೇಲೆ ಎಲ್ಲದಕ್ಕೂ ಒಂದೇ ‘ನಿರೋಧಕ’ ಅಂಟಿಸಿದರೆ ಹೇಗೆ? ದುರ್ಗದ ಬೈಲಿನ ಹತ್ತಿರ ಸಾಣೆ ಹಿಡಿಯುವ ಒಬ್ಬರಿಗೆ 420ರ ಒಂದು ಚಾಕು ತೋರಿಸಿ ಕೇಳಿದೆ: ‘ಇದಕ್ಕ ಜಂಗ್ ಹತ್ತಂಗಿಲ್ಲಲ್ರಿ?’ ಅವರು ಉಗುರಿನಿಂದ ಬಾಯಿ ಸವರಿ ನೋಡಿ, ‘ಹತ್ತತೈತ್ರೀ ಸರ. ತಡಾ ಮಾಡಿ ಹತ್ತತೈತಿ’ ಅಂದರು. ನಾನು ಒಂದು ವಾರ ಹುಡುಕಿದ್ದು ಇದೇ ಅರ್ಥ. ಇದನ್ನು ಬರಹದ ಕನ್ನಡಕ್ಕೆ ತರುವುದು ಹೇಗೆ ಅನ್ನುವುದೇ ಪ್ರಶ್ನೆ. ‘ತಡವಾಗಿ ತುಕ್ಕು ಹಿಡಿಯುವ ಚಾಕು’ ಅಂದರೆ ಯಾರು ಕೊಂಡಾರು! ನನಗೆ ಸದ್ಯ ಹಿಡಿಸಿರುವುದು ‘ಉಪ್ಪುನೀರಿಗೆ ತಾಳುವ ಚಾಕು’. ತಾಳುವುದಕ್ಕೆ ಒಂದು ಮಿತಿ ಇದೆ ಅನ್ನುವುದು ಆ ಮಾತಿನೊಳಗೇ ಇದೆ. ‘ತುಕ್ಕು ಹಿಡಿಯದ’ ಅನ್ನುವುದನ್ನು ಟೈಟೇನಿಯಮ್ಮಿಗೆ ಬಿಟ್ಟುಕೊಡೋಣ.

ತುಕ್ಕೋ ಜಂಗೋ ಅನ್ನುವುದೂ ಒಂದು ಪ್ರಶ್ನೆ. ಹುಬ್ಬಳ್ಳಿ ಪೇಟೆಯಲ್ಲಿ ಎರಡೂ ಓಡುತ್ತವೆ. ಚೀಟಿ ಕರಾವಳಿಯಲ್ಲೂ ಓದುವಂತಿರಬೇಕು, ಹಾಗಾಗಿ ತುಕ್ಕು. ಕೆಲವರು ಕಿಲುಬು ಅಂತ ಸೂಚಿಸಿದರು. ಅದು ತಾಮ್ರ ಹಿತ್ತಾಳೆಗೆ ಹಿಡಿಯುವ ಹಸಿರು, ಇಲ್ಲಿಗೆ ಹೊಂದುವುದಿಲ್ಲ.

ಈಗ ಒರೆಗೆ ಬರೋಣ, ಅಸಲು ಜಗಳ ಇರುವುದು ಇಲ್ಲೇ. ಹುಡುಗ ಖಡಾಖಂಡಿತವಾಗಿ ಹೇಳಿದ: ‘ಕಾಕಾ, ಒರೆ ಅಂದ್ರ ಯಾರಿಗೂ ತಿಳೀಯಂಗಿಲ್ಲ. ಕವರ್ ಅಂತ ಬರೀರಿ.’ ಅವನ ಮಾತಿನಲ್ಲಿ ಹುರುಳಿದೆ. ಒರೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಚೆನ್ನಮ್ಮನ ಕಾಲದ ಖಡ್ಗ, ಮಖಮಲ್ಲು ಹೊದಿಸಿದ ಚರ್ಮದ ಒರೆ. ಡೈವಿಂಗಿಗೆ ಚರ್ಮ ದೊಡ್ಡ ಶತ್ರು. ಉಪ್ಪುನೀರು ಹೀರಿ ದಿನಗಟ್ಟಲೆ ಬಿಡುವುದಿಲ್ಲ. ಬಟ್ಟೆಯಂಥ ನೈಲಾನಿನ ಒರೆಯೂ ಅಷ್ಟೇ. ಬೇಕಾದದ್ದು ಗಟ್ಟಿ ಪ್ಲಾಸ್ಟಿಕ್ಕಿನದು, ತಳದಲ್ಲಿ ನೀರು ಇಳಿದುಹೋಗುವ ತೂತು ಇರುವಂಥದ್ದು, ಒಂದೇ ಕೈಯಲ್ಲಿ ಬಿಚ್ಚಲು ಬರುವ ಚಿಲಕ ಇರುವಂಥದ್ದು. ಹಿಂದೆ ಇದನ್ನು ಮೀನಖಂಡಕ್ಕೆ ಕಟ್ಟುತ್ತಿದ್ದರು. ಈಗ ಚಿಕ್ಕ ಚಾಕುವನ್ನು ಎದೆಯ ಅಥವಾ ಸೊಂಟದ ಪಟ್ಟಿಗೆ, ಎರಡೂ ಕೈಗೆ ಎಟಕುವಂತೆ ಸಿಕ್ಕಿಸುವುದು ಜಾಸ್ತಿ. ಕಾಲಿಗೆ ಕಟ್ಟುವುದಾದರೆ ಒಳಬದಿಗೆ ಕಟ್ಟಬೇಕು. ಹೊರಬದಿಗಿದ್ದರೆ ದಾರಕ್ಕೆ ಅದೇ ಮೊದಲು ಸಿಕ್ಕಿಬೀಳುತ್ತದೆ.

ಆದರೂ ‘ಕವರ್’ ನನಗೆ ಒಗ್ಗುತ್ತಿಲ್ಲ. ಫೋನಿಗೂ ಕವರ್, ತರಕಾರಿಗೂ ಕವರ್, ಮದುವೆಯಲ್ಲಿ ಮುಯ್ಯಿ ಹಾಕಿ ಕೊಡುವುದೂ ಕವರ್. ಕವರ್ ಅಂದಕೂಡಲೇ ಒಳಗಿದ್ದದ್ದು ಭದ್ರ ಅನ್ನುವ ನೆಮ್ಮದಿ ಬರುತ್ತದೆ. ಇಲ್ಲಿ ಚಾಕು ಕೆಡುವುದೇ ಒರೆಯೊಳಗೆ. ಒದ್ದೆ ಚಾಕು ಒಳಗೆ ಹಾಕಿ ಬ್ಯಾಗಿನಲ್ಲಿ ತುರುಕಿ ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಬಂದರೆ ಸಾಕು. ಅಲಗು, ಪ್ಲಾಸ್ಟಿಕ್ಕು ಒತ್ತಿ ಕೂತ ಸಂದಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿನ ಆಮ್ಲಜನಕ ಮುಗಿದರೆ ಪೊರೆ ಮತ್ತೆ ಕಟ್ಟುವುದಿಲ್ಲ, ನೀರಿನಲ್ಲಿ ಕ್ಲೋರೈಡು ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಹುಡುಗ ತಂದು ತೋರಿಸಿದ ಚಾಕುವಿನಲ್ಲಿ ಅಲಗಿನ ನಡುಭಾಗ ಫಳಫಳ ಅನ್ನುತ್ತಿತ್ತು. ಚಿಲಕ ಕಚ್ಚುವ ಜಾಗ ಮತ್ತು ಹಿಡಿಕೆ ಸೇರುವ ಬುಡ ಎರಡೇ ಕಡೆ ಕಂದು ಚುಕ್ಕಿ. ಹಿಡಿಕೆಯ ಹಿಂದಿನ ನಟ್ಟು ಬಿಚ್ಚಿ ರಬ್ಬರು ಎಳೆದಾಗ ಒಳಗಿನ ಉಕ್ಕಿನ ಸುತ್ತ ಬಿಳಿ ಉಪ್ಪು ಪದರಗಟ್ಟಿತ್ತು, ಅದರಡಿ ಕೆಂಪು ಪುಡಿ. ‘ಸಂದು ತುಕ್ಕು’ ಅಂದರೆ ಸರಿಹೋದೀತು ಅಲ್ವಾ?

ಒರೆ ಪದವನ್ನು ಬಿಡಲು ಮನಸ್ಸು ಬಾರದಿರುವುದಕ್ಕೆ ಇನ್ನೊಂದು ಕಾರಣ ಇದೆ. ‘ಒರೆಸು’ ಪಕ್ಕದಲ್ಲೇ ಕೂತಿದೆ. ಇವೆರಡು ಒಂದೇ ಬೇರಿನವಲ್ಲ. ಹಳಗನ್ನಡದಲ್ಲಿ ಖಡ್ಗದ ಒಱೆಗೆ ಈಗ ನಾವು ಬಿಟ್ಟಿರುವ ಶಕಟರೇಫ, ಅಂದರೆ ‘ಱ’ ಅನ್ನುವ ಹಳೆಯ ಅಕ್ಷರ. ತಮಿಳಿನ ಉಱೈ ಇದರ ನಂಟು. ತಿಕ್ಕುವ, ಉಜ್ಜುವ ಒರೆ ಮಾಮೂಲಿ ರಕಾರದ್ದು. ಒರೆಗಲ್ಲು, ಒರೆಗೆ ಹಚ್ಚು ಅನ್ನುವುದು ಇದರಿಂದ. ಹೊಸಗನ್ನಡದಲ್ಲಿ ಎರಡೂ ಒಂದೇ ಅಕ್ಷರದಲ್ಲಿ ಬಂದು ಸೇರಿದವು. ಹೀಗೆ ಸೇರಿದ್ದು ನನ್ನ ಚೀಟಿಗೆ ಲಾಭವೇ ಆಯಿತು: ‘ಒರೆಸಿ ಒರೆಗೆ ಹಾಕಿ’. ಮೂರೇ ಪದದಲ್ಲಿ ಅರ್ಧ ಚೀಟಿ ಮುಗಿಯಿತು. ‘ಒರೆಸಿ ಕವರಿಗೆ ಹಾಕಿ’ ಅಂದರೆ ಆ ರುಚಿ ಇಲ್ಲ. ‘ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು’ ಅನ್ನುವ ಗಾದೆ ಇನ್ನೂ ಬಾಯಲ್ಲಿ ಇರುವಾಗ ಪದ ಸತ್ತಿದೆ ಅಂತ ಒಪ್ಪುವುದೂ ಕಷ್ಟ. ನಮ್ಮ ಕಡೆ ಹಿರಿಯರು ‘ಮ್ಯಾನ’ ಅನ್ನುವುದನ್ನು ಕೇಳಿದ್ದೇನೆ, ಮರಾಠಿಯ ಮ್ಯಾನ್. ಅದು ಈಗಿನ ಹುಡುಗರಿಗೆ ಒರೆಗಿಂತ ದೂರ.

ಚೀಟಿಯ ಉಳಿದ ಭಾಗ ಹೀಗಿದೆ, ಭಾಷೆ ತಿದ್ದಿ ಕೊಡಿ:

‘ಮೇಲೆ ಬಂದ ದಿನವೇ ಚಾಕುವನ್ನು ಒರೆಯಿಂದ ತೆಗೆದು ಎರಡನ್ನೂ ಸಿಹಿನೀರಿನಲ್ಲಿ ನೆನೆಹಾಕಿ. ಹಿಡಿಕೆ ಬಿಚ್ಚಲು ಬಂದರೆ ಬಿಚ್ಚಿ ತೊಳೆಯಿರಿ. ಒರೆಯ ತೂತಿನಲ್ಲಿ ಮರಳು ಕೂತಿದ್ದರೆ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ. ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಅಲಗಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಮನೆಯಲ್ಲಿ ಬಹಳ ದಿನ ಇಡುವುದಾದರೆ ಚಾಕು ಬೇರೆ, ಒರೆ ಬೇರೆ ಇಡಿ. ಕಂದು ಚುಕ್ಕಿ ಕಂಡರೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಉಜ್ಜಿ, ನೀರಿನಲ್ಲಿ ತೊಳೆದುಬಿಡಿ. ಕಬ್ಬಿಣದ ಬ್ರಶ್ಶು ಬೇಡ. ಅದರ ಪುಡಿ ಅಲಗಿಗೆ ಅಂಟಿ ತಾನೇ ತುಕ್ಕಾಗುತ್ತದೆ. ಬ್ಲೀಚಿಂಗ್ ಪೌಡರ್ ಮುಟ್ಟಿಸಲೇಬೇಡಿ. ಪೆಟ್ರೋಲಿಯಂ ಜೆಲ್ಲಿಯನ್ನು ರಬ್ಬರ್ ಪಟ್ಟಿಗೆ ತಾಗಿಸಬೇಡಿ. ವಿಮಾನದಲ್ಲಿ ಹೋಗುವವರು ಚಾಕುವನ್ನು ಕೈಚೀಲದಲ್ಲಿ ಇಡುವಂತಿಲ್ಲ.’

ಇಲ್ಲಿ ‘ಸಿಹಿನೀರು’ ಅನ್ನುವುದೂ ನಮ್ಮ ಊರಲ್ಲಿ ಬಿಡಿಸಿ ಹೇಳಬೇಕಾದ ಪದ. ಕರಾವಳಿಯಲ್ಲಿ ಉಪ್ಪಲ್ಲದ ನೀರೆಲ್ಲ ಸಿಹಿನೀರೇ. ಹುಬ್ಬಳ್ಳಿಯಲ್ಲಿ ಸಿಹಿನೀರು ಅಂದರೆ ನಳಕ್ಕೆ ಬರುವ ಮಲಪ್ರಭಾ ನೀರು. ಬೋರಿನ ನೀರು ಸವಳು, ಒಣಗಿದ ಮೇಲೆ ತಾನೂ ಬಿಳಿ ಕಲೆ ಬಿಡುತ್ತದೆ. ಕೊನೆಯ ತೊಳೆತ ನಳದ ನೀರಿನಲ್ಲಿ ಅಂತ ಕಂಸದಲ್ಲಿ ಸೇರಿಸಿದ್ದೇನೆ. ನಳ ಬರುವ ದಿನ ಕಾಯಬೇಕೋ ಅಂತ ಹುಡುಗ ಕೇಳಿದ. ಅದಕ್ಕೆ ನನ್ನ ಹತ್ತಿರ ಪದವಿಲ್ಲ.

ಹಾವೇರಿ, ರಾಣೆಬೆನ್ನೂರು ಕಡೆಯವರಿಗೆ ಒಂದು ಕೇಳಿಕೆ. ಅಲಗಿನ ಹಿಂದೆ ಹಿಡಿಕೆಯೊಳಗೆ ಹೋಗುವ ಉಕ್ಕಿನ ತುಂಡಿಗೆ ನಿಮ್ಮ ಊರಿನ ಕಂಬಾರರು ಏನಂತಾರೆ? ಸದ್ಯಕ್ಕೆ ‘ಬಾಲ’ ಅಂತ ಬರೆದಿದ್ದೇನೆ. ಭಟ್ಕಳ, ಹೊನ್ನಾವರದ ಕಡೆಯ ಮೀನುಗಾರರಲ್ಲಿ ಬಲೆ ಕೊಯ್ಯುವ ಚಾಕುವಿಗೆ, ಅದರ ಒರೆಗೆ ಬೇರೆ ಹೆಸರಿದ್ದರೆ ಅದೂ ಬೇಕು. ಜುಲೈ 31ಕ್ಕೆ ಮೀನುಗಾರಿಕೆಯ ರಜೆ ಮುಗಿಯುತ್ತದೆ, ಆಮೇಲೆ ಅವರು ಕೈಗೆ ಸಿಗುವುದಿಲ್ಲ. ಆ ಕಡೆ ನೆಂಟರಿದ್ದವರು ಅಷ್ಟರೊಳಗೆ ಕೇಳಿ ತಿಳಿಸಿ.